ನಾಲ್ಕು ಅಕ್ಷರದ ಸೋಮಾರಿತನ

ಮೇಷ್ಟ್ರೇ,

ಕ್ಷೇಮ ಕೇಳುವುದಿಲ್ಲ. ಬದುಕಿದ್ದಾಗ ನೀವು ಯಾರನ್ನೂ ಕೇಳಿದವರಲ್ಲ, ಈಗ ನಾನು ಕೇಳಿದರೆ ನೀವು ಹೇಳುವವರೂ ಅಲ್ಲ. ಯಾರಾದರೂ ಪ್ರೋಗ್ರಾಮ್ ಕೆಟ್ಟಿದೆ ಎಂದು ನಿಮ್ಮ ಬಾಗಿಲು ತಟ್ಟಿದರೆ, "ಪೀಠಿಕೆ ಬೇಡ. ಏನು ಮಾಡಿದೆ, ಏನಾಗ್ಬೇಕಿತ್ತು, ಏನಾಯ್ತು, ಅಷ್ಟು ಹೇಳು" ಎನ್ನುತ್ತಿದ್ದಿರಿ. ಇವತ್ತು ನಾನೂ ಅಷ್ಟನ್ನೇ ಹೇಳಲು ಕೂತಿದ್ದೇನೆ. ವ್ಯತ್ಯಾಸ ಇಷ್ಟೇ, ಈ ಸಲ ಕೆಟ್ಟಿದ್ದದ್ದು ನಿಮ್ಮದು.

ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಎಂದು ನಮ್ಮಮ್ಮ ಚಿತ್ರದುರ್ಗದಿಂದ ಫೋನಿನಲ್ಲಿ ಬುದ್ಧಿ ಹೇಳುತ್ತಾಳೆ. ಬದುಕಿದ್ದಾಗ ಇಟ್ಟುಕೊಳ್ಳೋಣವೆಂದರೆ ನೀವು ನನ್ನ ಗೈಡ್ ಆಗಿದ್ದಿರಿ. ಗೈಡ್ ಮೇಲೆ ಹಗೆ ಸಾಧಿಸಿ ಪಿಎಚ್‌ಡಿ ಮುಗಿಸಿದವರು ದೆಹಲಿಯಲ್ಲಿ ಯಾರಾದರೂ ಇದ್ದಾರೆಯೆ? ಹಾಗಾಗಿ ಕಾದೆ. ಕಾಯುವುದು ನಿಮ್ಮಿಂದಲೇ ಕಲಿತದ್ದು, ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ.

ಆ ಬಾಗಿಲ ಮೇಲೆ ನೀವೇ ಅಂಟಿಸಿದ್ದ ಕಾಗದ ನೆನಪಿದೆಯೆ? 'ಪೂರ್ತಿ ಓದಿ, ಆಮೇಲೆ ಕೇಳಿ' ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ, ಹಿಂದಿಯಲ್ಲಿ ಚಿಕ್ಕದಾಗಿ. ನಾನು ಮೊದಲ ದಿನ ಬಂದಾಗ ಅದರ ಕೆಳಗೆ ನಿಂತು, ತುಮಕೂರಿನ ಮೇಷ್ಟ್ರು ಸಿಕ್ಕರು, ಇನ್ನು ದೆಹಲಿ ಹೆದರಿಸುವುದಿಲ್ಲ ಎಂದುಕೊಂಡೆ. ನೀವು ಕನ್ನಡ ಮಾತಾಡಿದಿರಿ, ಸುಳ್ಳಲ್ಲ. ಆದರೆ ಸ್ವಲ್ಪ ದಿನದಲ್ಲೇ ನಿಮ್ಮ ಕ್ರಮ ಗೊತ್ತಾಯಿತು. ಹೊಗಳುವುದಿದ್ದರೆ ಇಂಗ್ಲಿಷಿನಲ್ಲಿ ಹೊಗಳುತ್ತಿದ್ದಿರಿ, ಬೈಯುವುದಿದ್ದರೆ ಕನ್ನಡದಲ್ಲಿ. ನನ್ನ ಪಾಲಿಗೆ ಬಂದದ್ದೆಲ್ಲ ಅಚ್ಚಗನ್ನಡ.

ಆಗ ನಾವೆಲ್ಲ ಆರ್ ಭಾಷೆಯನ್ನು ಕಲಿಯುತ್ತಿದ್ದೆವು. ಸಂಖ್ಯಾಶಾಸ್ತ್ರದವರು ಬಳಸುವ, ಬಿಟ್ಟಿ ಸಿಗುವ ಕಂಪ್ಯೂಟರ್ ಭಾಷೆ. ಅದಕ್ಕೊಂದು ಮೇಲಿಂಗ್ ಲಿಸ್ಟ್ ಇತ್ತು. ಪ್ರಪಂಚದ ಯಾವ ಮೂಲೆಯಿಂದಲಾದರೂ ಪ್ರಶ್ನೆ ಕೇಳಬಹುದು, ಬಲ್ಲವರು ಉತ್ತರಿಸುತ್ತಾರೆ, ಪ್ರಶ್ನೆಯೂ ಉತ್ತರವೂ ಎಲ್ಲರಿಗೂ ಕಾಣುವಂತೆ ಶಾಶ್ವತವಾಗಿ ಉಳಿಯುತ್ತವೆ. ಅಲ್ಲಿ ನೀವು ದೊಡ್ಡ ಹೆಸರು. ಒಂದು ಮಧ್ಯಾಹ್ನ ನನ್ನ ಪ್ರೋಗ್ರಾಮ್ ವಿಚಿತ್ರ ಉತ್ತರ ಕೊಡುತ್ತಿತ್ತು. ನಿಮ್ಮ ಬಾಗಿಲು ತಟ್ಟಲು ಹೆದರಿಕೆ. ಎದುರಿಗೆ ಬೈಸಿಕೊಳ್ಳುವ ಬದಲು ಯಾರೋ ಪರದೇಶದವರನ್ನು ಕೇಳೋಣವೆಂದು ಲಿಸ್ಟಿಗೆ ಬರೆದೆ. ನನ್ನ ಜೀವನದ ಮೊದಲ ಪ್ರಶ್ನೆ.

ಉತ್ತರ ಬಂತು. ಪರದೇಶದಿಂದಲ್ಲ, ಎರಡು ಬಾಗಿಲ ಆಚೆಯಿಂದ.

ಆರ್‌ನಲ್ಲಿ 'ನಿಜ' ಎಂದು ಹೇಳಲು ಟ್ರೂ ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದವನ್ನು ಪೂರ್ತಿ ಬರೆಯಬೇಕು. ಆತುರದವರು ಮೊದಲ ಅಕ್ಷರ ಟಿ ಮಾತ್ರ ಬರೆದು ಮುಂದೆ ಹೋಗುತ್ತಾರೆ. ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಪೂರ್ತಿ ಪದದ ಅರ್ಥವನ್ನು ಯಾರೂ ಬದಲಿಸಲಾರರು, ಒಂಟಿ ಟಿಗೆ ಯಾರು ಬೇಕಾದರೂ ಬೇರೆ ಅರ್ಥ ಕೊಟ್ಟುಬಿಡಬಹುದು. ನಾನು ಟಿ ಎಂದು ಬರೆದಿದ್ದೆ. ನೀವು ಅದನ್ನು ಹೇಳಿದ್ದರೆ ಸಾಕಿತ್ತು. "ನಾಲ್ಕು ಅಕ್ಷರ ಬರೆಯಲು ಸೋಮಾರಿತನ ಇರುವವರು ಸಂಖ್ಯಾಶಾಸ್ತ್ರ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು" ಎಂದು ಇಡೀ ಪ್ರಪಂಚದ ಮುಂದೆ ಯಾಕೆ ಬರೆದಿರಿ? ಮೇಲಿನ ಹೆಸರು ನೋಡಲಿಲ್ಲವೆ? ನೋಡಿದಿರಿ. ಸಂಜೆ ಕಾರಿಡಾರಿನಲ್ಲಿ ಸಿಕ್ಕಾಗ "ಓದ್ದ್ಯಾ?" ಎಂದು ಕೇಳಿ ನಕ್ಕಿರಲ್ಲ.

ಪಕ್ಕದ ಕಂಪ್ಯೂಟರಿನ ಸುರೇಂದರ್, ರೋಹ್ತಕ್‌ನವನು, ಪಾಪ ಸಮಾಧಾನ ಮಾಡುವುದಕ್ಕೆಂದೇ ಹೇಳಿದ. "ಅರೇ ಫರ್ಜಾನಾ, ತೇರಾ ನಾಮ್ ತೋ ಅಮೇರಿಕಾ ತಕ್ ಪಹುಂಚ್ ಗಯಾ!" ನನ್ನ ಹೆಸರು ಅಮೆರಿಕಾದವರೆಗೆ ಮುಟ್ಟಿತಂತೆ. ಲ್ಯಾಬಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಮುನಿರ್ಕಾದ ನನ್ನ ಕೋಣೆಗೆ ಹೋಗಿ ಕೂಲರಿಗೆ ನೀರು ತುಂಬುತ್ತಾ ಅತ್ತೆ. ಅವತ್ತಿನಿಂದ ಇವತ್ತಿನವರೆಗೆ ನಾನು ಟಿ ಎಂದು ಮೊಟಕುಮಾಡಿ ಬರೆದಿಲ್ಲ. ಕಲಿಸಿದಿರಿ, ಒಪ್ಪುತ್ತೇನೆ. ಕಾಯಿಸಿದ ಸೌಟಿನಿಂದ ಬರೆ ಹಾಕಿದವರೂ ಕಲಿಸಿದೆವೆಂದೇ ಹೇಳಿಕೊಳ್ಳುತ್ತಾರೆ.

ಪ್ಯಾಕೇಜಿನ ವಿಷಯಕ್ಕೆ ಬರುತ್ತೇನೆ. ಮನೆಮನೆಗೆ ಹೋಗಿ ಸಮೀಕ್ಷೆ ಮಾಡುವಾಗ ಕೆಲವು ಮನೆಯವರು ಉತ್ತರ ಕೊಡುವುದಿಲ್ಲ. ಆ ಖಾಲಿ ಜಾಗವನ್ನು ಲೆಕ್ಕದಲ್ಲಿ ಹೇಗೆ ಸರಿದೂಗಿಸಬೇಕು ಎಂಬುದೇ ನನ್ನ ಸಂಶೋಧನೆ. ಅದಕ್ಕೆ ಬೇಕಾದ ಫಂಕ್ಷನ್‌ಗಳನ್ನೆಲ್ಲ, ಅಂದರೆ ಒಂದೊಂದು ಲೆಕ್ಕ ಮಾಡುವ ಪ್ರೋಗ್ರಾಮ್ ತುಣುಕುಗಳನ್ನು, ಬರೆದು, ಯಾರು ಬೇಕಾದರೂ ಬಳಸುವಂತೆ ಒಂದು ಪ್ಯಾಕೇಜ್ ಕಟ್ಟಿದೆ. ಕರೆಂಟು ಹೋಗಿ ಯುಪಿಎಸ್ ಬಡಕೊಳ್ಳುತ್ತಿದ್ದಾಗ ಬರೆದದ್ದನ್ನು ಉಳಿಸಿಕೊಳ್ಳಲು ಓಡಾಡಿದವಳು ನಾನು. ಒಂದೊಂದು ಫಂಕ್ಷನ್‌ಗೂ ಉದಾಹರಣೆ ಬರೆದು, ಪರೀಕ್ಷೆಗೆ ಒಡ್ಡಿ, ಕೈಪಿಡಿ ಬರೆದವಳು ನಾನು. ನೀವು ಕೊನೆಯ ಒಂದು ಫಂಕ್ಷನ್ ಬರೆದಿರಿ, ಎಲ್ಲವನ್ನೂ ಒಟ್ಟುಮಾಡಿ ಅಂತಿಮ ಉತ್ತರ ತೋರಿಸುವಂಥದ್ದು. "ಇದನ್ನ ಮುಟ್ಬೇಡ" ಎಂದಿರಿ. ಅದಕ್ಕೆ ಉದಾಹರಣೆ ಬೇಡವೆ ಸಾರ್ ಎಂದರೆ, "ಉದಾಹರಣೆ ಎಲ್ಲ ಎಳೆ ಮಕ್ಕಳಿಗೆ" ಎಂದಿರಿ.

ಪ್ಯಾಕೇಜನ್ನು ಲೋಕಕ್ಕೆ ಬಿಡುಗಡೆ ಮಾಡುವ ದಿನ ಲೇಖಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರಿತ್ತು. ನೋಡಿಕೊಳ್ಳುವವರ ಜಾಗದಲ್ಲೂ ನಿಮ್ಮದೇ. ನಾನು ತಡವರಿಸುತ್ತಾ ಕೇಳಿದೆ. ನೀವು ಕತ್ತೆತ್ತದೆ ಹೇಳಿದಿರಿ, "ನೀನು ನಾಳೆ ಮದ್ವೆ ಆಗಿ ಎಲ್ಲಿಗೋ ಹೋಗ್ತೀಯ. ಇಮೇಲ್ ಬದಲಾಗುತ್ತೆ, ಹೆಸರೂ ಬದಲಾದ್ರೆ ಆಶ್ಚರ್ಯ ಇಲ್ಲ. ಬಳಸೋರಿಗೆ ಒಂದು ಸ್ಥಿರವಾದ ವಿಳಾಸ ಬೇಕಲ್ವಾ?" ಕೈಪಿಡಿಯ ಕೊನೆಯ ಪುಟದಲ್ಲಿ ನನಗೊಂದು ಸಾಲು ಕೊಟ್ಟಿರಿ. 'ಉಪಯುಕ್ತ ಚರ್ಚೆಗಳಿಗಾಗಿ ಫರ್ಜಾನಾಳಿಗೆ ಕೃತಜ್ಞತೆಗಳು.' ಚರ್ಚೆ! ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ನಾನು ಥ್ಯಾಂಕ್ಯೂ ಸಾರ್ ಎಂದೆ. ಬೇರೆ ಏನು ಹೇಳಬಹುದಿತ್ತು, ಪ್ರಬಂಧಕ್ಕೆ ನಿಮ್ಮ ಸಹಿ ಇನ್ನೂ...

ನೀವು ಹೋದದ್ದು ದೆಹಲಿಯ ಮಂಜು ಬಾಗಿಲವರೆಗೆ ಬರುವ ದಿನಗಳಲ್ಲಿ. ಹೃದಯ ನಿಂತಿತು ಎಂದರು. ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಆ ಪ್ಯಾಕೇಜಿನ ಹೆಸರೆತ್ತಿದರು. ಅದು ನಿಮ್ಮ ಮಾನಸಪುತ್ರಿಯಂತೆ. ಹೆತ್ತವಳು ಹಿಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದೆ. ಅಳು ಬಂತು ಮೇಷ್ಟ್ರೇ, ನಿಮಗಾಗಿಯೂ ಬಂತು. ಆದರೆ ಹೆಚ್ಚಿನ ಪಾಲು ಸಿಟ್ಟಿನದು.

ಆಮೇಲೆ ನನಗೆ ಗ್ರೇಟರ್ ನೋಯ್ಡಾದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಮದುವೆಯೂ ಆಯಿತು. ಹೆಸರು ಬದಲಾಗಲಿಲ್ಲ, ಇಮೇಲೂ ಬದಲಾಗಲಿಲ್ಲ. ಇಲ್ಲಿನ ಸ್ಟಾಫ್ ರೂಮಿನಲ್ಲಿ ಕೂತು ಬಿಡುವಿದ್ದಾಗ ಲಿಸ್ಟ್ ಓದುವ ಚಟ ಇದೆ. ಹೋದ ತಿಂಗಳು ಅಲ್ಲೊಂದು ಪ್ರಶ್ನೆ ಬಂತು. ಕೇಳಿದವಳು ರುಚಿ, ಪಟ್ನಾದ ವಿದ್ಯಾರ್ಥಿನಿ. ಪ್ರಶ್ನೆಗಿಂತ ಕ್ಷಮಾಪಣೆಯೇ ಉದ್ದವಾಗಿತ್ತು. ನಿಮ್ಮ ಪ್ಯಾಕೇಜ್ ಬಳಸುತ್ತಿದ್ದಾಳೆ. ಮೊದಲು ಪ್ಯಾಕೇಜ್ ತೆರೆದು ಆಮೇಲೆ ತನ್ನ ಸಮೀಕ್ಷೆಯ ಡೇಟಾ ತೆರೆದರೆ ಒಂದು ಉತ್ತರ, ಮೊದಲು ಡೇಟಾ ತೆರೆದು ಆಮೇಲೆ ಪ್ಯಾಕೇಜ್ ತೆರೆದರೆ ಇನ್ನೊಂದು. 'ಹುಚ್ಚು ನನಗೋ ಕಂಪ್ಯೂಟರಿಗೋ ತಿಳಿಯದು. ಪ್ರಬಂಧದಲ್ಲಿ ಯಾವುದನ್ನು ಬರೆಯಲಿ?' ಎಂದು ಕೇಳಿದ್ದಳು. ಪ್ಯಾಕೇಜ್ ನೋಡಿಕೊಳ್ಳುವವರಿಗೆ ಬರೆದ ಮೇಲ್ ತಲುಪದೆ ವಾಪಸ್ ಬಂತಂತೆ. ನೋಡಿ, ನಿಮ್ಮ ಸ್ಥಿರವಾದ ವಿಳಾಸ.

ಅವಳಿಂದ ಡೇಟಾ ತರಿಸಿಕೊಂಡೆ. ನನ್ನ ಫಂಕ್ಷನ್‌ಗಳನ್ನು ಮೊದಲು ನೋಡಿದೆ. ತಪ್ಪು ನನ್ನದೇ ಆಗಿದ್ದರೆ? ಒಂದೊಂದನ್ನೇ ಎರಡು ಕ್ರಮದಲ್ಲೂ ಓಡಿಸಿದೆ. ಎಲ್ಲವೂ ಒಂದೇ ಉತ್ತರ ಕೊಟ್ಟವು. ಉಳಿದದ್ದು ಮುಟ್ಟಬೇಡ ಎಂದಿದ್ದ ಆ ಒಂದು. ತೆರೆದೆ. ಉತ್ತರ ಕೊಡದ ಮನೆಗಳನ್ನು ಸರಿದೂಗಿಸಬೇಕೆ ಎಂಬ ಜಾಗದಲ್ಲಿ, ಹೌದು ಎನ್ನುವುದಕ್ಕೆ ನೀವು ಬರೆದದ್ದು ಏನು ಮೇಷ್ಟ್ರೇ?

ಟಿ. ಒಂಟಿ ಟಿ.

ರುಚಿಯ ಡೇಟಾದಲ್ಲಿ ಟಿ ಎಂಬ ಹೆಸರಿನ ಕಾಲಮ್ ಇತ್ತು, ಮನೆಯಲ್ಲಿ ಟಾಯ್ಲೆಟ್ ಇದೆಯೋ ಇಲ್ಲವೋ ಎಂಬುದಕ್ಕೆ. ಪ್ಯಾಕೇಜ್ ತನಗಿಂತ ಮೊದಲು ತೆರೆದದ್ದರಲ್ಲೇ ಹೆಸರು ಹುಡುಕುವುದರಿಂದ, ಡೇಟಾ ಮೊದಲು ತೆರೆದಾಗ ನಿಮ್ಮ ಫಂಕ್ಷನ್ ಹೋಗಿ ಆ ಟಿಯನ್ನು ಹಿಡಿದುಕೊಳ್ಳುತ್ತಿತ್ತು. ಮೊದಲ ಮನೆಯಲ್ಲಿ ಟಾಯ್ಲೆಟ್ ಇರಲಿಲ್ಲ, ಅಲ್ಲಿದ್ದದ್ದು ಸೊನ್ನೆ. ಸೊನ್ನೆ ಎಂದರೆ ಸುಳ್ಳು. ಅಲ್ಲಿಗೆ ಸರಿದೂಗಿಸುವ ಕೆಲಸವೇ ರದ್ದು. ಪಟ್ನಾ ಕಡೆಯ ಯಾವುದೋ ಮನೆಯಲ್ಲಿ ಟಾಯ್ಲೆಟ್ ಇಲ್ಲದ್ದಕ್ಕೆ ನಿಮ್ಮ ಪಾಂಡಿತ್ಯ ಮಗುಚಿಬಿತ್ತು. ಒಂದು ಉದಾಹರಣೆ ಬರೆದಿದ್ದರೆ ಬಿಡುಗಡೆಗೆ ಮುಂಚಿನ ಪರೀಕ್ಷೆಯಲ್ಲೇ ಇದು ಸಿಕ್ಕಿಬೀಳುತ್ತಿತ್ತು, ಆ ಪರೀಕ್ಷೆ ಒಂಟಿ ಟಿಯನ್ನು ಬೇಕೆಂದೇ ಕೆಡಿಸಿಟ್ಟು ಉದಾಹರಣೆಗಳನ್ನು ಓಡಿಸುತ್ತದೆ. ಉದಾಹರಣೆ ಎಳೆ ಮಕ್ಕಳಿಗೆ ಅಲ್ಲವೆ?

ನಾನು ನಕ್ಕ ಸದ್ದಿಗೆ ಎದುರಿನ ಮೇಜಿನ ಮಿಶ್ರಾ ಮೇಡಂ ಚಹಾ ಕೆಳಗಿಟ್ಟರು. "ಕ್ಯಾ ಹುವಾ ಫರ್ಜಾನಾ ಜೀ? ಲಾಟರಿ ಲಗ್ ಗಯೀ ಕ್ಯಾ?" ಹೌದು, ಲಾಟರಿಯೇ ಹೊಡೆಯಿತು ಎಂದೆ. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬುದನ್ನು ಹಿಂದಿಯಲ್ಲಿ ವಿವರಿಸಲು ಬರಲಿಲ್ಲ.

ಲಿಸ್ಟಿಗೆ ಉತ್ತರ ಬರೆದೆ. ರುಚಿಗೆ ಮೊದಲು ಹೇಳಿದ್ದು, ನಿನ್ನ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ, ಕ್ಷಮೆ ಕೇಳಬೇಕಾದವಳು ನೀನಲ್ಲ ಎಂದು. ತಪ್ಪು ಎಲ್ಲಿದೆ, ಆ ಸಾಲು ಯಾರು ಬರೆದದ್ದು, ಎರಡನ್ನೂ ಬಿಡಿಸಿ ಹೇಳಿದೆ. ಕೆಳಗೆ ನಿಮ್ಮ ಹಳೆಯ ಮಾತನ್ನು, ನಾಲ್ಕು ಅಕ್ಷರದ ಸೋಮಾರಿತನದ ಮಾತನ್ನು, ನಿಮ್ಮ ಹೆಸರಿನ ಸಮೇತ ಉದ್ಧರಿಸಿದೆ. ಕಳಿಸುವ ಗುಂಡಿ ಒತ್ತುವ ಮುಂಚೆ ಒಂದು ಗಳಿಗೆ ನಿಮ್ಮ ಮುಖ ಕಣ್ಣ ಮುಂದೆ ಬಂತು. ಬಂದದ್ದು ಕಾರಿಡಾರಿನಲ್ಲಿ ನಗುತ್ತಿದ್ದ ಮುಖ. ಒತ್ತಿದೆ. ಹೊಟ್ಟೆ ತಣ್ಣಗಾಯಿತು ಮೇಷ್ಟ್ರೇ. ಆಗಲಿಲ್ಲ ಎಂದು ಬರೆದರೆ ಒಳ್ಳೆಯವಳು ಅನ್ನಿಸಿಕೊಳ್ಳುತ್ತೇನೆ, ಆದರೆ ಆಯಿತು.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ನೋಡಿಕೊಳ್ಳುವವರಿಲ್ಲದ ಪ್ಯಾಕೇಜನ್ನು ಅನಾಥ ಎಂದು ಗುರುತು ಹಾಕುವುದು ಅಲ್ಲಿನ ಪದ್ಧತಿ, ನಿಮಗೆ ಗೊತ್ತು. ಅನಾಥವಾದದ್ದನ್ನು ಬೇರೆಯವರು ವಹಿಸಿಕೊಳ್ಳಬಹುದು. ನಾನು ವಹಿಸಿಕೊಳ್ಳುತ್ತೇನೆ ಎಂದು, ಎಲ್ಲರ ಪ್ಯಾಕೇಜುಗಳನ್ನೂ ಇಟ್ಟು ಹಂಚುವ ಸಂಗ್ರಹದವರಿಗೆ ಬರೆದೆ. ಆಗಬಹುದು, ಆದರೆ ಅವರ ಮನೆಯವರಿಗೆ ಒಂದು ಮಾತು ತಿಳಿಸಿದರೆ ಚೆನ್ನ ಎಂದರು. ಹಾಗಾಗಿ ಒಂದು ಭಾನುವಾರ ಮೆಟ್ರೋ ಹತ್ತಿ ರೋಹಿಣಿಗೆ, ನಿಮ್ಮ ಮನೆಗೆ ಹೋದೆ.

ಲಲಿತಾ ಆಂಟಿ ಅವಲಕ್ಕಿ ಮಾಡಿದ್ದರು. ಹಾಲಿನಲ್ಲಿ ನಿಮ್ಮ ಫೋಟೋ, ಗಂಧದ ಹಾರ. ನಾನು ನಡೆದದ್ದನ್ನೆಲ್ಲ ಹೇಳಿದೆ, ಮುಚ್ಚಿಡದೆ. ಪ್ಯಾಕೇಜ್ ಕಟ್ಟಿದವಳು ನಾನು ಎಂದೂ ಹೇಳಿದೆ. ಅವರು ಅಳುತ್ತಾರೆ, ಇಲ್ಲವೇ ಎದ್ದು ಹೋಗು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿನ್ ಹೆಸರು ಎಲ್ಲೂ ಹಾಕ್ಲೇ ಇಲ್ವಾ?"

"ಕೊನೇ ಪುಟದಲ್ಲಿ ಹಾಕಿದ್ರು ಆಂಟಿ. ಚರ್ಚೆ ಮಾಡಿದ್ದಕ್ಕೆ ಥ್ಯಾಂಕ್ಸ್ ಅಂತ."

ಆಂಟಿ ನಿಮ್ಮ ಫೋಟೋ ಕಡೆ ತಿರುಗಿದರು. "ಪುಣ್ಯವಂತೆ ಕಣಮ್ಮ ನೀನು. ನಿಂಗಾದ್ರೂ ಬರೆದು ಹೇಳಿದಾರೆ. ಇಷ್ಟು ವರ್ಷ ಅಡುಗೆ ಮಾಡಿ ಹಾಕ್ದೆ, ಇವರ ಥೀಸಿಸ್ ಪೂರ್ತಿ ಟೈಪ್ ಮಾಡಿದ್ದು ನಾನು. ಬಾಯಲ್ಲೂ ಒಂದ್ ಸಲ ಬರ್ಲಿಲ್ಲ." ಆಮೇಲೆ ಸೆರಗು ಸರಿಮಾಡಿಕೊಂಡು, "ನಿಂದು ನೀನು ತಗೋ. ಅದಕ್ಕೇನು ಕೇಳೋದು?" ಎಂದರು.

ನಿಮ್ಮ ಪ್ರಬಂಧವನ್ನು ಟೈಪ್ ಮಾಡಿದ್ದು ಆಂಟಿ ಎಂಬುದು ನನಗೆ ಗೊತ್ತಿರಲಿಲ್ಲ. ಅದರ ಕೃತಜ್ಞತೆಯ ಪುಟದಲ್ಲಿ ಯಾರ್ಯಾರ ಹೆಸರಿದೆಯೋ...

ಇನ್ನು ನಿಮಗೆ ತಲುಪದ ಸುದ್ದಿ. ಪ್ಯಾಕೇಜಿನ ಹೊಸ ಆವೃತ್ತಿ ಬಿಡುಗಡೆಯಾಗಿದೆ. ನಿಮ್ಮ ಫಂಕ್ಷನ್ ಕಿತ್ತುಹಾಕಿ ಬೇರೆಯದನ್ನೇ ಬರೆದಿದ್ದೇನೆ, ಉದಾಹರಣೆ ಸಮೇತ. ಈಗ ಅದರಲ್ಲಿ ನಿಮ್ಮದೆನ್ನುವ ಒಂದು ಸಾಲೂ ಇಲ್ಲ. ಲೇಖಕರ ಜಾಗದಲ್ಲಿ ನನ್ನ ಹೆಸರು, ನೋಡಿಕೊಳ್ಳುವವರ ಜಾಗದಲ್ಲೂ ನನ್ನದೇ. ರುಚಿಯ ಪ್ರಬಂಧದ ಉತ್ತರ ಸರಿಹೋಯಿತು. ನಿಮ್ಮನ್ನು ಮರೆತಿಲ್ಲ, ಹೆದರಬೇಡಿ. ಕೈಪಿಡಿಯ ಕೊನೆಯ ಪುಟದಲ್ಲಿ ನಿಮಗೂ ಒಂದು ಸಾಲು ಕೊಟ್ಟಿದ್ದೇನೆ, ಉಪಯುಕ್ತ ಚರ್ಚೆಗಳಿಗಾಗಿ ಕೃತಜ್ಞತೆಗಳು ಎಂದು. ವಾಕ್ಯ ನಿಮ್ಮದೇ, ಹೆಸರು ಮಾತ್ರ ಬದಲಾಯಿಸಿದ್ದೇನೆ.

ಆ ಪುಟದ ಪ್ರಿಂಟ್ ಬೇಕೆಂದು ಆಂಟಿ ಫೋನ್ ಮಾಡಿ ಕೇಳಿದರು, ಕಳಿಸಿದೆ. ಸೆಕ್ಟರ್ ಮಾರ್ಕೆಟ್ಟಿನ ಭಯ್ಯಾ ಹತ್ತಿರ ಕಟ್ಟು ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದ್ದಾರಂತೆ, ಸರಿಯಾಗಿ ನಿಮ್ಮ ಫೋಟೋ ಎದುರಿಗೆ. ಕಣ್ಣು ಬಿಟ್ಟರೆ ಅದೇ ಕಾಣುತ್ತದೆ. ಒಂದೇ ಸಾಲು ಮೇಷ್ಟ್ರೇ.

ಪೂರ್ತಿ ಓದಿ, ಆಮೇಲೆ ಕೇಳಿ.

ಫರ್ಜಾನಾ