ಐವಿಯ ಹೆಸರಿನ ತಗಡು

ಕ್ಲೈವಣ್ಣನಿಗೆ,

ಮೇಲೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಇಷ್ಟು ವರ್ಷದ ಅಭ್ಯಾಸ, ಕೈ ತಾನಾಗಿಯೇ ಬರೆದುಬಿಟ್ಟಿತು. ಶನಿವಾರ ನಿನ್ನ ಅಂಗಡಿಯಿಂದ ಒಂದು ಮಾತೂ ಆಡದೆ ಎದ್ದು ಬಂದೆನಲ್ಲ, ಆಡದ ಮಾತೆಲ್ಲ ಮೂರು ಗಂಟೆಯ ದಾರಿಯುದ್ದಕ್ಕೂ ಕಾರಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು.

ನಾನು ಜಗಳಕ್ಕೆಂದು ಬಂದವಳಲ್ಲ. ಅಮ್ಮನ ಮರದ್ದೆಂದು ನೀನು ಕೊಟ್ಟ ಕಡ್ಡಿಯಿಂದ ಕಸಿ ಮಾಡಿದ ನಮ್ಮ ಹಿತ್ತಲ ಗಿಡ ಏಳು ವರ್ಷಕ್ಕೆ ಮೊದಲ ಸಲ ಕಾಯಿ ಕಟ್ಟಿತ್ತು. ಆರರಲ್ಲಿ ಮೂರನ್ನು ರಾತ್ರಿ ಮರ ಹತ್ತುವ ಪೊಸಮ್‌ಗಳು ತಿಂದು ಮುಗಿಸಿದವು. ಉಳಿದ ಮೂರು ಮಾರ್ಚಿಗೇ ಹಣ್ಣಾದವು, ನುಣ್ಣಗೆ, ಕೆಂಪಗೆ. ಅಮ್ಮನ ಸೇಬು ಹಾಗಿರಲಿಲ್ಲ. ಪ್ಯಾಕಿಂಗ್ ಶೆಡ್ಡಿನ ಹಿಂದೆ ತಾನಾಗಿ ಹುಟ್ಟಿದ ಸಸಿಯನ್ನು ಸಾಕಿ, ಅಪ್ಪ ಅವಳ ಹೆಸರಿಟ್ಟ ಆ ಐವಿ, ಮೇ ತಿಂಗಳಲ್ಲಿ ನಮ್ಮ ಕಡೆಯ ಚಳಿಗಾಲ ಹತ್ತಿರವಾಗಿ ಚಳಿ ಬೀಳದೆ ಹಣ್ಣಾಗುತ್ತಿರಲಿಲ್ಲ. ಸಿಪ್ಪೆಯೋ ಕಂದು, ಒರಟು. "ಐವಿ ನೋಡೋಕೆ ಚಂದ ಇಲ್ಲ, ಆದ್ರೆ ಚಳಿಗಾಲ ಪೂರ್ತಿ ಕೈ ಬಿಡಲ್ಲ" ಎಂದು ಅಪ್ಪ ಚುಡಾಯಿಸಿದರೆ, "ಚಂದ ಬೇಕಿದ್ರೆ ಹೋಬಾರ್ಟ್ ಪೇಟೆಯಿಂದ ಹೆಂಡ್ತೀನ ತರಬೇಕಿತ್ತು" ಎನ್ನುತ್ತಿದ್ದಳು ಅಮ್ಮ. ಆ ಜಾತಿಯದು ಲೋಕದಲ್ಲಿ ಇದ್ದದ್ದು ಅದೊಂದೇ ಮರ.

ಮಣ್ಣು ಬೇರೆ, ಮೊದಲ ಫಸಲು ಬೇರೆ, ಅದಕ್ಕೇ ಹೀಗೆ ಎಂದುಕೊಂಡೆ. ನೋಡು, ಮಣ್ಣಿನ ಮೇಲೆ ಅನುಮಾನ ಪಟ್ಟೆ, ನಿನ್ನ ಮೇಲೆ ಪಡಲಿಲ್ಲ. ಅಮ್ಮನ ಮರದ ಕಾಯಿಯ ಪಕ್ಕ ಇಟ್ಟು ನೋಡೋಣವೆಂದು ಮೂರನ್ನೂ ಕಾಗದದ ಚೀಲಕ್ಕೆ ಹಾಕಿಕೊಂಡು ಹೊರಟೆ.

ಅಪ್ಪನ ಮಣ್ಣಾದ ಮೇಲೆ ನಾನು ಆ ತೋಟಕ್ಕೆ ಕಾಲಿಟ್ಟದ್ದು ಇದೇ ಮೊದಲು. ಕ್ರಿಸ್‌ಮಸ್ಸಿಗೆ ನಾನು ಬರುತ್ತೇನೆಂದರೆ ನೀನು, "ನೀನ್ಯಾಕೆ ಅಷ್ಟು ದೂರ ಬರ್ತೀಯ ಬೆರಿ, ನಾವೇ ಬರ್ತೀವಿ" ಎನ್ನುತ್ತಿದ್ದೆ. ಅಣ್ಣನಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ರಸ್ತೆಯಂಚಿಗೇ ಬೋರ್ಡು: 'ಐವಿ ಸೇಬಿನ ತೋಟ'. ಹಳೆಯ ಶೆಡ್ಡೇ ಅಂಗಡಿಯಾಗಿತ್ತು. ಒಳಗೆ ಒಲೆಯಲ್ಲಿ ಸೇಬಿನ ಪೈ ಬೇಯುವ ಘಮ, ಸಾಲು ಸಾಲು ಜಾಮ್ ಬಾಟಲಿ, ಪ್ರತಿಯೊಂದರ ಮೇಲೂ ಅಮ್ಮನ ಕಂದು ಸೇಬಿನ ಚಿತ್ರ. ಗೋಡೆಯ ಮೇಲೆ ಏಪ್ರನ್ ತೊಟ್ಟ ಅಮ್ಮ. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಯಿತು. ನನ್ನ ಮುಂದಿದ್ದ ಹೆಂಗಸೊಬ್ಬಳು ಐವಿ ಹಣ್ಣು ಕೇಳಿದಳು. ನೋರೀನ್ ಅತ್ತಿಗೆ ನಗುನಗುತ್ತಲೇ, ಈ ವರ್ಷದ್ದು ಮುಗಿದುಹೋಯಿತು ಎಂದಳು. ಏಪ್ರಿಲ್ ತಿಂಗಳಲ್ಲಿ, ಐವಿ ಹಣ್ಣಾಗುವ ಮೊದಲೇ! ನಾನು ಹಿಂಬಾಗಿಲಿಗೆ ಹೋಗಿ ನೋಡಿದೆ. ಅಲ್ಲೆಲ್ಲ ಜಲ್ಲಿ ಹಾಸಿತ್ತು. ಅಮ್ಮನ ಮರವಿದ್ದ ಜಾಗದಲ್ಲಿ ಪ್ರವಾಸಿಗರ ಬಸ್ಸು ನಿಂತಿತ್ತು.

ಅತ್ತಿಗೆ ನನಗೆ ಗೊತ್ತೇ ಇದೆ ಎಂದುಕೊಂಡಿದ್ದಳು. "ಅಪ್ಪ ಹೋದ್ರಲ್ಲ, ಆ ಜೂನ್‌ನಲ್ಲೇ ತೆಗೆಸಿದ್ವಿ. ಬಸ್ ತಿರುಗಿಸೋಕೆ ಜಾಗ ಬೇಕಿತ್ತು. ಕ್ಲೈವ್ ನಿಂಗೆ ಹೇಳಿಲ್ವಾ?"

ಜೂನ್. ನೀನು ನನಗೆ ಕಸಿ ಕಡ್ಡಿ ತಂದುಕೊಟ್ಟದ್ದು ಅದೇ ವರ್ಷದ ಆಗಸ್ಟಿನಲ್ಲಿ. ಒದ್ದೆ ಪೇಪರಿನಲ್ಲಿ ಸುತ್ತಿದ ಕಡ್ಡಿ, ಜೊತೆಗೆ ಗಿಡಕ್ಕೆ ಕಟ್ಟಲು ಮೊಳೆಯಿಂದ ಚುಚ್ಚಿ ಚುಚ್ಚಿ 'ಐವಿ' ಎಂದು ಬರೆದ ತಗಡು. "ಅಮ್ಮನ್ನ ನಿಮ್ಮನೆಗೆ ಕರ್ಕೊಂಡು ಬಂದಿದೀನಿ, ಚೆನ್ನಾಗಿ ನೋಡ್ಕೋ" ಅಂದೆ. ಹಾಗೆನ್ನಲು ನಿನಗೆ ಬಾಯಾದರೂ ಹೇಗೆ ಬಂತು?

ಅಷ್ಟರಲ್ಲಿ ನೀನೇ ಬಂದೆ. ಚೀಲದಿಂದ ಒಂದು ಹಣ್ಣು ತೆಗೆದು ತಿರುಗಿಸಿ ನೋಡಿದೆ, ನನ್ನ ಮುಖ ನೋಡಲಿಲ್ಲ. "ಜೊನಾಥನ್. ಚೆನ್ನಾಗಿ ಬಂದಿದೆ" ಅಂದೆ. ಎಲ್ಲರ ತೋಟದಲ್ಲೂ ಸಿಗುವ ಜೊನಾಥನ್ ಸೇಬು! ಹಣ್ಣನ್ನು ಮತ್ತೆ ಚೀಲಕ್ಕೆ ಹಾಕುತ್ತಾ, "ನೀನು ಅಳ್ತೀಯ ಅಂತ ಹೇಳ್ಲಿಲ್ಲ" ಅಂದೆ.

ಆಗಲೇ ಹೇಳಿದ್ದರೆ ಅಳುತ್ತಿದ್ದೆ ಕಣೋ. ಅತ್ತು, ಮೂಗೊರೆಸಿಕೊಂಡು, ಕಾರು ಹತ್ತಿ ಬಂದು, ಕಡಿದುಹಾಕಿದ ಕೊಂಬೆಗಳ ರಾಶಿಯಿಂದ ಗೇಣುದ್ದದ ಒಂದು ಕಡ್ಡಿ ಆರಿಸಿಕೊಳ್ಳುತ್ತಿದ್ದೆ. ಅಮ್ಮನ ಜಾತಿ ಉಳಿಯಲು ಅಷ್ಟು ಸಾಕಿತ್ತು. ಚಳಿಗಾಲದ ಕಡ್ಡಿ ಒದ್ದೆ ಮರದ ಹೊಟ್ಟಿನಲ್ಲಿ ಎರಡು ತಿಂಗಳು ಜೀವ ಹಿಡಿದಿರುತ್ತದೆ ಎಂದು ನನಗೆ ಕಲಿಸಿದವನೇ ನೀನು. ಜೇಬಿನಲ್ಲಿ ಕತ್ತರಿ ಇಲ್ಲದೆ ನೀನು ಓಡಾಡಿದ ದಿನವಿಲ್ಲ. ಮರ ಕಡಿದೆ, ಇರಲಿ, ತೋಟ ನಿನ್ನದು. ಆಮೇಲೆ ಇನ್ನೊಂದು ಮರದ ಹತ್ತಿರ ಹೋಗಿ, ಕಡ್ಡಿ ಕತ್ತರಿಸಿ, ಕೂತು ಅಮ್ಮನ ಹೆಸರು ಚುಚ್ಚಿದೆಯಲ್ಲ, ಅದನ್ನು ಹೇಗೆ ನುಂಗಲಿ? ನೆಚ್ಚಿದ ಎಮ್ಮೆ ಕೋಣ ಈದಿತು ಅನ್ನುವುದು ನನ್ನ ಪಾಲಿಗೇ ಬಂತು.

ಏಳು ವರ್ಷ ದಿನಾ ಬೆಳಗ್ಗೆ ಚಹಾ ಹಿಡಿದು ಆ ಗಿಡದ ಹತ್ತಿರ ನಿಂತು ಮಾತಾಡಿದ್ದೇನೆ. ನನ್ನ ಗಂಡ ರೆಕ್ಸ್ ತೀರಿಕೊಂಡ ವಾರ ಅದರ ಕಾಂಡ ಹಿಡಿದುಕೊಂಡು ಅಮ್ಮಾ ಎಂದು ಅತ್ತಿದ್ದೇನೆ. ಯಾವುದೋ ಜೊನಾಥನ್‌ಗೆ ನನ್ನ ಬಾಯಲ್ಲಿ ಅಮ್ಮಾ ಅನ್ನಿಸಿದೆಯಲ್ಲೋ. ನಕ್ಕುಬಿಡೋಣ ಅನ್ನಿಸುತ್ತದೆ, ಆಗುತ್ತಿಲ್ಲ.

ಗಿಡವನ್ನು ಕಡಿಯುವುದಿಲ್ಲ. ಅದರದೇನು ತಪ್ಪು? ಮುಂದಿನ ವರ್ಷ ಕಾಯಿ ಬಿಟ್ಟರೆ ಪೈ ಮಾಡುತ್ತೇನೆ. ತಗಡನ್ನು ಮಾತ್ರ ಇವತ್ತು ಬೆಳಗ್ಗೆ ಬಿಚ್ಚಿದೆ. ತಂತಿ ತೊಗಟೆಯೊಳಗೆ ಸೇರಿಹೋಗಿತ್ತು, ಇಕ್ಕಳ ಹಾಕಿ ಎಳೆಯುವಾಗ ಗಿಡಕ್ಕೆ ಗಾಯವಾಯಿತು. ತಗಡು ಈ ಲಕೋಟೆಯಲ್ಲೇ ಇದೆ. ಅಕ್ಷರ ನಿನ್ನದೇ. ಬಸ್ಸು ನಿಲ್ಲುತ್ತದಲ್ಲ, ಆ ಜಲ್ಲಿಯ ನಡುವೆ ಒಂದು ಗೂಟ ಹೊಡೆದು ಕಟ್ಟು.

ಈ ಕ್ರಿಸ್‌ಮಸ್ಸಿಗೆ ಬರಬೇಡ. ನಿನ್ನ ತೋಟಕ್ಕೆ ಆಲಿಕಲ್ಲು ಬೀಳದಿರಲಿ. ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ ಅಷ್ಟು ಹರಸದೆ ಇರಲಾರೆ.

ಇಂತಿ,
ಐವಿಯ ಮಗಳು
ಬೆರಿಲ್