ತಾಯಿಯ ಕೈ ಸುಟ್ಟಿತೇ, ನಿಮ್ಮ ‘ಅನುಮತಿ’ ಸುಟ್ಟಿತೇ?

ಔಷಧ ಮತ್ತು ಪ್ರಸಾಧನ ನಿಯಂತ್ರಣದ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ಕೂದಲು ನೇರಮಾಡುವ ಆ ಕ್ರೀಮಿನ ಮಾದರಿ ಪರೀಕ್ಷಿಸುತ್ತೇವೆ ಎಂದಿರಿ, ವರದಿ ತೋರಿಸಲಿಲ್ಲ. ಅಂಗಡಿಗಳಿಂದ ಸರಕು ತೆಗೆಸುತ್ತೇವೆ ಎಂದಿರಿ. ತಿಪಟೂರಿನ ಬಸ್ ನಿಲ್ದಾಣದ ಎದುರೇ ಈಗಲೂ ತೂಗಾಡುತ್ತಿದೆ. ಸುಟ್ಟ ತಲೆಯ ಹುಡುಗಿಯ ಮಾತು ಕೇಳುತ್ತೇವೆ ಎಂದಿರಿ. ಕೇಳದೆಯೇ ‘ಬಳಕೆದಾರರ ತಪ್ಪು’ ಎಂದು ಪತ್ರ ಬರೆದು ಕೈ ತೊಳೆದುಕೊಂಡಿರಿ.

ಆ ಬಳಕೆದಾರರು ಯಾರೆಂದು ಹೇಳುತ್ತೇನೆ. ನಮ್ಮ ನೊಣವಿನಕೆರೆಯ ಹೊಂಬಾಳಮ್ಮ, ಕೊಬ್ಬರಿಯ ಚಿಪ್ಪು ಬಿಡಿಸುವ ಕೆಲಸದವರು. ಗುಂಗುರು ಕೂದಲು ನೇರವಾಗಲೆಂದು ಮಗಳು ಶಿಲ್ಪ ತಂದ ಟ್ಯೂಬಿನ ಮೇಲೆ ಒಡೆದ ತೆಂಗಿನಕಾಯಿಯ ಚಿತ್ರವಿತ್ತು; ಎಣ್ಣೆಯಂಥದ್ದೇ ಎಂದುಕೊಂಡರು ತಾಯಿ. ನಮ್ಮ ಸೀಮೆಯಲ್ಲಿ ತಲೆಗೆ ಎಣ್ಣೆ ಹಚ್ಚಿ ಒಡನೆ ತೊಳೆಯುವವರುಂಟೇ? ನೆನೆಯಬೇಕು.

“ಉರೀತೈತೆ ಕಣವ್ವ” ಎಂದಳು ಮಗಳು.

“ಸುಮ್ಕಿರೇ, ತಲೆ ಕಾವು ಇಳೀತೈತೆ. ಇನ್ನೊಂದ್ ಗಳಿಗೆ ನೆನೀಲಿ ಬುಡು” ಎಂದು ತಾಯಿಯೇ ಟವೆಲ್ ಬಿಗಿದರು.

ಬಿಚ್ಚಿದಾಗ ಕೂದಲು ಚರ್ಮದ ಸಮೇತ ಟವೆಲಿಗೆ ಅಂಟಿ ಬಂತು. ಬೇಗ ತೊಳೆಯಿರಿ ಎಂಬ ಎಚ್ಚರಿಕೆ ಟ್ಯೂಬಿನ ಬುಡದ ಮಡಿಕೆಯಲ್ಲಿ, ಇಂಗ್ಲಿಷಿನಲ್ಲಿತ್ತು. ಓದಲು ನನಗೆ ಭೂತಗನ್ನಡಿ ಬೇಕಾಯಿತು.

ಅದರೊಳಗಿರುವುದು ಕಾಸ್ಟಿಕ್ ಸೋಡಾ. ಟ್ಯೂಬಿನ ಮೇಲೆ ಅದಕ್ಕಿಟ್ಟ ಹೆಸರು ‘ಪಿಎಚ್ ಹೊಂದಿಸುವ ಪದಾರ್ಥ’. ಹುಳಿ, ಕ್ಷಾರಗಳನ್ನು ಹದಕ್ಕೆ ತರಲು ಚಿಟಿಕೆಯಷ್ಟು ಬಳಸಿದರೆ ಭಯವಿಲ್ಲ, ಅಷ್ಟು ನಮಗೂ ಗೊತ್ತು. ‘ಅನುಮತಿ ಇರುವ ಪದಾರ್ಥ’ ಎಂದು ಉತ್ತರಿಸಿದಿರಿ. ಉಪ್ಪಿಗೂ ಅನುಮತಿಯಿದೆ, ನಿಮ್ಮ ಮನೆಯ ಸಾರಿಗೆ ಸೇರುಗಟ್ಟಲೆ ಸುರಿಯುತ್ತೀರಾ? ಎಷ್ಟು ಹಾಕಿದ್ದಾರೆ ಎಂದು ಕೇಳಿದೆವು. ನೀವು ಹೇಳದಿದ್ದಾಗ ನಮ್ಮ ಹೈಸ್ಕೂಲಿನ ಮೇಷ್ಟ್ರು ಕ್ರೀಮಿಗೆ ಅದ್ದಿದ ಪರೀಕ್ಷಾ ಕಾಗದ ಕಡುನೇರಳೆಗೆ ತಿರುಗಿತು, ಅಂದರೆ ಚರ್ಮ ಸುಡುವಷ್ಟು ಕ್ಷಾರ. ಅದು ಪುರಾವೆಯಲ್ಲ ಎಂದಿರಿ. ಸರಿ, ನಿಮ್ಮ ಪುರಾವೆ ಎಲ್ಲಿ ಸ್ವಾಮಿ?

ಶಿಲ್ಪಳ ನೆತ್ತಿಯಲ್ಲಿ ಇನ್ನು ಕೂದಲು ಹುಟ್ಟದು ಎಂದಿದ್ದಾರೆ ವೈದ್ಯರು. ವೇಲು ಕಟ್ಟಿಕೊಂಡು ಕಾಲೇಜಿಗೆ ಹೋಗುತ್ತಿದ್ದಾಳೆ, ಗಟ್ಟಿ ಹುಡುಗಿ. ನಿಮ್ಮ ಪತ್ರ ಮುರಿದದ್ದು ತಾಯಿಯನ್ನು. “ಸರ್ಕಾರ್‌ದೋರೇ ಬರ್ದವ್ರಲ್ಲ ಪುಷ್ಪಕ್ಕ, ನಾನೇ ಸುಟ್ಟೆ ಅಂತ” ಎನ್ನುತ್ತಾರೆ. ಹಿರಿಮಗಳ ಕೂಸಿನ ನೆತ್ತಿಗೆ ಎಣ್ಣೆಯೊತ್ತಲು ಕರೆದರೆ ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತಾರೆ: “ಎಳೇ ಕೂಸು. ನನ್ ಕೈ ಬ್ಯಾಡ.”

ವರದಿ ಪ್ರಕಟಿಸಿ. ಸರಕು ತೆಗೆಸಿ. ಎಚ್ಚರಿಕೆಯನ್ನು ಕನ್ನಡದಲ್ಲಿ, ಆ ಕಾಯಿಯ ಚಿತ್ರದಷ್ಟೇ ದೊಡ್ಡದಾಗಿ ಹಾಕಿಸಿ. ಎಲ್ಲಕ್ಕೂ ಮೊದಲು, ತಪ್ಪು ನಿಮ್ಮದಲ್ಲ ತಾಯಿ ಎಂದು ಹೊಂಬಾಳಮ್ಮನಿಗೆ ಹೇಳಿ. ನಾವು ಹೇಳಿದರೆ ಅವರು ನಂಬುತ್ತಿಲ್ಲ. ನಮ್ಮ ಊರವರ ಮುಂದಿನ ಸಭೆಗೆ ಅವರನ್ನೂ ಕರೆತರುತ್ತೇವೆ. ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ, ಬರುವ ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆಗೆ.

ಇಂತಿ,
ನಿಮ್ಮ ಕಡತಗಳಲ್ಲಿ ‘ಅರ್ಜಿದಾರರು’ ಆಗಿಯೇ ಮುದುಕಿಯಾಗುತ್ತಿರುವ
ಪುಷ್ಪಲತಾ, ನೊಣವಿನಕೆರೆ