ಕಹಿ ಇಲ್ಲದ ಕ್ವಿನೈನು

ಚಿಕ್ಕಮಗಳೂರು
೧೬ ನವೆಂಬರ್ ೧೯೪೩, ಮಂಗಳವಾರ

ಪ್ರೀತಿಯ ಕುಬ್ರಾ ಆಪಾಗೆ ತಮ್ಮ ರಜಬ್ ಅಲಿಯ ಸಲಾಮು.

ಈ ಕಾಗದವನ್ನು ಟಪಾಲಿಗೆ ಹಾಕದೆ ಕಳಸದ ಬಸ್ಸಿನ ಅಬ್ದುಲ್ ರಹೀಮ್ ಚಾಚಾರ ಕೈಗೆ ಕೊಡುತ್ತಿದ್ದೇನೆ. ಇದ್ದಿಲಿನಿಂದ ಓಡುವ ಬಸ್ಸು ದಾರಿಯಲ್ಲಿ ನಿಲ್ಲದಿದ್ದರೆ ಇವತ್ತು ಸಂಜೆಯೇ ನಿನಗೆ ಸಿಗಬೇಕು. ನಿಂತುಬಿಟ್ಟರೆ? ಅದೇ ಯೋಚನೆ. ಓದಿದ ಕೂಡಲೇ ಕೂಲಿಯವರ ಲೈನಿಗೆ, ಜವರಮ್ಮನ ಮನೆಗೆ ಹೋಗು ಆಪಾ. ಒಲೆಯ ಮೇಲೆ ಏನಿದ್ದರೂ ಇಳಿಸಿ ಹೋಗು.

ಜ್ವರಕ್ಕೆ ಎರಡು ವರ್ಷ, ಅಬ್ಬಾನ ಅಂಗಡಿಗೆ ಎರಡು ವರ್ಷ ಕಳೆದು, ಮೀಸೆ ಬಂದ ಮೇಲೆ ಚಿಕ್ಕವರ ಬೆಂಚಿನಲ್ಲಿ ಕೂತವನು ನಾನು. ಇಲ್ಲಿ ಗಂಗಾಧರಪ್ಪ ಮೇಷ್ಟ್ರು ಶನಿವಾರ ಮಧ್ಯಾಹ್ನ ಪತ್ರಿಕೆಯ ಪಾಠ ಶುರುಮಾಡಿದ್ದಾರೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಇಷ್ಟಕ್ಕೂ ಉತ್ತರವಿದ್ದರೆ ಸುದ್ದಿ, ಇಲ್ಲದಿದ್ದರೆ ಹರಟೆ ಅನ್ನುತ್ತಾರೆ. ನೇರಳೆ ಶಾಯಿಯಲ್ಲಿ ಬರೆದು, ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಅಂಟಿನ ಮೇಲೆ ಒತ್ತಿ ನಲವತ್ತು ಪ್ರತಿ ತೆಗೆಯುತ್ತೇವೆ. ನನ್ನ ಬೆರಳು ಇನ್ನೂ ನೇರಳೆಯೇ.

ಊರಿಂದ ಒಂದೊಂದು ಸುದ್ದಿ ತನ್ನಿ ಎಂದರು. ನನ್ನ ಬಳಿ ಇದ್ದದ್ದು ಒಂದೇ. ಈದಿಗೆ ಬಂದಾಗ ನಿನ್ನ ಹಿತ್ತಲಲ್ಲಿ ಜವರಮ್ಮ ಹೇಳಿದಳಲ್ಲ: "ಈ ಸಲದ ಕ್ವಿನೈನು ಎಂತದೋ ಅಮ್ಮ, ಕಹೀನೇ ಇಲ್ಲ. ಮಗು ನಕ್ಕಂಡು ಕುಡೀತು, ಇನ್ನೊಂದ್ ಚಮಚ ಅಂತ ಕೈ ಚಾಚ್ತು. ಜ್ವರ ಮಾತ್ರ ಬಿಡ್ಲಿಲ್ಲ." ಅವಳು ಹೇಳಿದ್ದು ನಿನಗೆ, ನನಗಲ್ಲ. ನಾನು ಬೇಲಿಯ ಹತ್ತಿರ ಕೂತು ಕೇಳಿಸಿಕೊಂಡವನು.

ಬರೆದೆ. ಮೇಷ್ಟ್ರು ಓದಿ, "ಮಗು ನಗುತ್ತಾ ಕುಡಿಯಿತು, ಇದೇ ಕಣೋ ಸುದ್ದಿ" ಎಂದು ಇಡೀ ತರಗತಿಗೆ ಎರಡು ಸಲ ಓದಿ ಹೇಳಿದರು. ಆಪಾ, ನನ್ನನ್ನು ಯಾರೂ ಹಾಗೆ ಹೊಗಳಿದ್ದಿಲ್ಲ. ಆಮೇಲೆ, ಹೇಳಿದವರ ಹೆಸರೆಲ್ಲಿ ಎಂದು ಕೇಳಿದರು. ಹೆಸರು ಹಾಕಲು ಆಕೆಯ ಒಪ್ಪಿಗೆ ಇದೆಯೇ ಎಂದೂ ಕೇಳಿದರು. ಇದೆ ಎಂದುಬಿಟ್ಟೆ, ಜವರಮ್ಮನ ಹೆಸರು ಹಾಕಿದೆ. ಇಲ್ಲವೆಂದರೆ ಸುದ್ದಿ ಹರಟೆಯಾಗುತ್ತಿತ್ತು.

ನಮ್ಮ ಪತ್ರಿಕೆ ಶಾಲೆಯ ಗೋಡೆ ದಾಟುವುದಿಲ್ಲ ಅಂದುಕೊಂಡಿದ್ದೆ. ಯುದ್ಧದಿಂದ ಕಾಗದಕ್ಕೆ ಅಭಾವವಲ್ಲವೇ, ಕಾಗದ ಕೊಟ್ಟ ಎಸ್ಟೇಟುಗಳಿಗೆಲ್ಲ ಒಂದೊಂದು ಪ್ರತಿ ಹೋಗುತ್ತದಂತೆ. ನಿನ್ನೆ ವಿಳಾಸ ಬರೆಯಲು ಕೂರಿಸಿದಾಗಲೇ ಗೊತ್ತಾದದ್ದು. ಪಟ್ಟಿಯಲ್ಲಿ ನಿಮ್ಮ ಎಸ್ಟೇಟೂ ಇತ್ತು. ನನ್ನ ಕೈ ನಿಂತಿತು. ಪಕ್ಕದ ಬೆಳ್ಳಿಯಪ್ಪ, "ಏನ್ ಮಾರಾಯ, ನಿನ್ ಊರಿನ್ ಹೆಸ್ರೇ ಮರ್ತೋಯ್ತಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಕ್ಕು ಬರೆದೆ. ನಾನೇ ಟಪಾಲಿಗೂ ಹಾಕಿ ಬಂದೆ.

ನಾಳೆಯೋ ನಾಡಿದ್ದೋ ಅದು ಅಲ್ಲಿಗೆ ತಲುಪುತ್ತದೆ. ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರು ಅದನ್ನು ಎಸ್ಟೇಟಿನ ದೊರೆಗೆ ಓದಿ ಹೇಳುತ್ತಾರೆ. ರೈಟರೂ ಆ ಕ್ವಿನೈನು ಕಲಸಿ ಕೊಡುವ ಕಾಂಪೌಂಡರೂ ಎಷ್ಟು ಹತ್ತಿರದವರೆಂದು ನಿನಗೆ ಗೊತ್ತು. ಜವರಮ್ಮನನ್ನು ಲೈನಿಂದ ಎಬ್ಬಿಸಿದರೆ ಜ್ವರದ ಮಗುವನ್ನು ಎತ್ತಿಕೊಂಡು ಅವಳು ಎಲ್ಲಿಗೆ ಹೋಗಬೇಕು? ಅವಳಿಗೆ ಮೊದಲೇ ಹೇಳಿಬಿಡು. ನಿನಗೆ ಹೇಳಿದ ಮಾತು ಪತ್ರಿಕೆಗೆ ಹೋದದ್ದು ನನ್ನಿಂದ ಎಂದು ಹೇಳು. ಬೈದರೆ ಬೈಯಲಿ. ಮಗುವನ್ನು ಕಳಸದ ಡಾಕ್ಟರಿಗೆ ತೋರಿಸಿದೆಯಾ? ಅದನ್ನು ಕೇಳಬೇಕೆಂದು ನನಗೆ ಇವತ್ತು ಹೊಳೆಯಿತು ನೋಡು, ಇಷ್ಟು ದಿನ ಬಿಟ್ಟು.

ನಿನ್ನ ತಮ್ಮ
ರಜಬ್

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಆ ಸುದ್ದಿಯ ಕೆಳಗೆ ನನ್ನ ಹೆಸರಿಲ್ಲ. ಮೇಷ್ಟ್ರು ಹಾಕುತ್ತೇನೆ ಎಂದರು, ನಾನೇ ಬೇಡವೆಂದೆ. ಸರ್ದಾರ್ ಭಾವ ಅದೇ ಎಸ್ಟೇಟಿನ ಲಾರಿ ಓಡಿಸುವವರು, ಅವರಿಗೆ ತೊಂದರೆಯಾದೀತೆಂದು. ಜವರಮ್ಮನ ಬಗ್ಗೆ ಅಷ್ಟು ಯೋಚಿಸಲಿಲ್ಲ. ಇದರೊಳಗೆ ಒಂದು ಪ್ರತಿ ಇಟ್ಟಿದ್ದೇನೆ. ಅದರಲ್ಲಿ ಸುದ್ದಿಯ ಕೆಳಗೆ ನನ್ನ ಹೆಸರು, ಅಬ್ಬಾನ ಹೆಸರು, ಶಾಲೆಯ ವಿಳಾಸ ಎಲ್ಲ ಬರೆದಿದ್ದೇನೆ, ಅದೇ ನೇರಳೆ ಶಾಯಿಯಲ್ಲಿ. ಭಾವನಿಗೆ ಮೊದಲು ತೋರಿಸು. ಅವರು ಒಪ್ಪಿದರೆ ರೈಟರಿಗೂ ತೋರಿಸಲಿ. ಈ ಸಲ ಕೇಳಿಯೇ ಹಾಕುತ್ತಿದ್ದೇನೆ.